ಇರುಂಗಾಟ್ಟುಕೋಟೆಯ ಮೋಟಾರು ಪಥ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ, ಆ ಪಟ್ಟಣಕ್ಕೆ ಇನ್ನು ಸುಮಾರು 40 ಕಿಲೋಮೀಟರು ಉಳಿದಿದೆ ಎನ್ನುವಾಗ ಶ್ರೀಪೆರುಂಬೂದೂರು ಸಿಕ್ಕುತ್ತದೆ. ಶ್ರೀ ರಾಮಾನುಜಾಚಾರ್ಯರು ಹುಟ್ಟಿದ ಊರೆಂದು ಇದು ಪ್ರಸಿದ್ಧವಾದುದು. ಆಚಾರ್ಯರ ಜನನವು ಕ್ರಿ. ಶ. 1017ರಲ್ಲಾಯಿತೆಂಬುದು ಸಂಪ್ರದಾಯ. ಅವರು ಮುಂದೆ ನಮ್ಮ ನಾಡಿಗೆ ದಯಮಾಡಿಸಿ ಮೇಲುಕೋಟೆಯಲ್ಲಿ ಹಲವು ವರ್ಷ ನೆಲಸಿದ್ದುದರಿಂದ, ಕನ್ನಡ ಯಾತ್ರಿಕನಿಗೆ ಈ ಊರು ಪರಸ್ಥಳವೆಂದು ತೋರುವುದಿಲ್ಲ. ಇಲ್ಲಿಯ ಆದಿಕೇಶವ ಪೆರುಮಾಳಿನ ದೇವಾಲಯವನ್ನು ದರ್ಶನ ಮಾಡಿಕೊಂಡು, ಚೆನ್ನೈಯ ಕಡೆಗೆ ಕೆಲವು ಕಿಲೋಮೀಟರು ಸಾಗಿದರೆ ಇರುಂಗಾಟ್ಟುಕೋಟೆ. ಈಗ ಇದು ಕಾರ್ಖಾನೆಗಳ ಸೀಮೆ. ಹ್ಯುಂಡೈ ಕಂಪೆನಿಯವರು 1998ರಿಂದ ಇಲ್ಲಿ ಕಾರುಗಳನ್ನು ತಯಾರಿಸುತ್ತಿದ್ದಾರೆ. ಈ ಕಾರ್ಖಾನೆಗಳ ನೆರೆಯಲ್ಲಿಯೇ, ಮೋಟಾರುಗಳನ್ನು ವೇಗವಾಗಿ ಓಡಿಸುವುದಕ್ಕೆಂದೇ ನಿರ್ಮಿಸಿದ ಪಥವೊಂದಿದೆ. ಕಳೆದ ಮಾಘಮಾಸದ ಒಂದು ಭಾನುವಾರವನ್ನು ನಾವು ಅಲ್ಲಿ ಕಳೆದೆವು. ಕಳೆದುದು ಪ್ರೇಕ್ಷಕರಾಗಿ ಮಾತ್ರವಲ್ಲದೆ ಸಾರಥಿಗಳಾಗಿಯೂ ಎಂದರೆ, ವಾಚಕರಲ್ಲಿ ಕೆಲವರಾದರೂ ಮುಗುಳ್ನಗೆ ಸೂಸದಿರಲಾರರು.

ಈ ಪಥದ ವೃತ್ತಾಂತವನ್ನು ಮೊದಲು ಹೇಳುವುದು ಯುಕ್ತ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು 1953ರಲ್ಲಿ ಸ್ಥಾಪಿತವಾಯಿತು. ಆಗ ಅವರಿಗೆ ಸ್ವಂತ ಪಥವಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗಾಗಿ ಮಾಡಿ, ಯುದ್ಧಾನಂತರ ಬರಿದಾಗಿ ಬಿದ್ದಿದ್ದ ಷೋಳವರದ ಓಡುದಾರಿಯಲ್ಲಿಯೇ ಬಹುಕಾಲ ಓಟಗಳನ್ನು ನಡೆಸುತ್ತಿದ್ದರು. ಆಮೇಲೆ ಇರುಂಗಾಟ್ಟುಕೋಟೆಯಲ್ಲಿ ನೆಲವನ್ನು ಸಂಪಾದಿಸಿ ತಮ್ಮದೇ ಪಥವನ್ನು ಕಟ್ಟಿದರು. 1990ರಲ್ಲಿ ಅದು ತೆರೆಯಿತು. ಇದರ ಪೂರ್ಣ ಸುತ್ತಳತೆ 3.717 ಕಿಲೋಮೀಟರು, ತಿರುವುಗಳು 12. ಫಾರ್ಮುಲಾ ಒನ್ ಎಂಬ ಜಗತ್ಪ್ರಸಿದ್ಧ ಓಟದಲ್ಲಿ ಭಾರತೀಯರಲ್ಲಿ ಮೊದಲಿಗರಾಗಿ 2005ರಲ್ಲಿ ಭಾಗವಹಿಸಿದ ನಾರಾಯಣ್ ಕಾರ್ತಿಕೇಯನ್ ಅವರೂ, 2010ರಲ್ಲಿ ಎರಡನೆಯವರಾದ ಕರುಣ್ ಚಂಧೋಕ್ ಅವರೂ ಈ ನೆಲದಲ್ಲಿ ಚಕ್ರ ಹಿಡಿದವರೇ.

ಓಟದ ಸ್ಪರ್ಧೆಗಳು ನಡೆಯುವುದು ವರ್ಷದಲ್ಲಿ ಕೆಲವೇ ದಿನ. ಮಿಕ್ಕ ದಿನಗಳಲ್ಲಿ ಕಾರಿನ ಅಭಿಮಾನಿಗಳ ಸಂಘಗಳು ಪಥವನ್ನು ಬಾಡಿಗೆಗೆ ಪಡೆದು, ಸದಸ್ಯರು ತಮ್ಮ ತಮ್ಮ ಸ್ವಂತ ವಾಹನಗಳನ್ನೇ ತಂದು ಓಡಿಸುವ ಏರ್ಪಾಡು ಮಾಡುತ್ತವೆ. ಇದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಇದು ಪಂದ್ಯವಲ್ಲ. ಗೆದ್ದವರಿಲ್ಲ, ಸೋತವರಿಲ್ಲ, ಬಹುಮಾನವಿಲ್ಲ. ನಾವು ಹೋದ ಸಂಘದವರು ಹೊಸಬರ ಕಾಲವನ್ನು ಅಳೆಯುವುದನ್ನು ಸಹ ನಿಷೇಧಿಸಿದ್ದರು.

ಅರವತ್ತು ವರ್ಷದ ಸಂಸ್ಕೃತದ ಮೇಷ್ಟರಿಗೆ ಇಲ್ಲೇನು ಕೆಲಸವೆಂದು ಕೇಳುವುದು ಸಹಜ. ನಮ್ಮ ತಮ್ಮನ ಮಗನಿಗೆ ಇಪ್ಪತ್ತಮೂರು ವರ್ಷ. ಇಂಜಿನಿಯರನಾಗಿ ಸಂಪಾದನೆ ಆರಂಭಿಸಿದ್ದಾನೆ. ಬುದ್ಧಿವಂತ, ಹಿರಿಯರಲ್ಲಿ ಗೌರವವುಳ್ಳವನು. ಆದರೆ ಕಾರಿನ ಚಕ್ರ ಕೈಗೆ ಬಂದೊಡನೆ ಬೇರೊಬ್ಬನಾಗುತ್ತಾನೆ. ಈ ಟ್ರ್ಯಾಕ್ ಡೇಗೆ ಹೋಗಲು ತಂದೆಯ ಅಪ್ಪಣೆ ಬೇಡಿದನು. ಬೆಂಕಿಗೆ ತುಪ್ಪ ಹೊಯ್ದಂತಾಗುವುದೆಂದು ತಮ್ಮನಿಗೆ ಭೀತಿ. ಬೇಡವೆಂದರೆ ರಾತ್ರಿಯ ಹೆದ್ದಾರಿಯಲ್ಲಿ ಅದೇ ಹಂಬಲವನ್ನು ತೀರಿಸಿಕೊಂಡಾನೆಂದು ಅದಕ್ಕಿಂತ ಹೆಚ್ಚಿನ ಭೀತಿ. ಈ ಎರಡನೆಯ ಭೀತಿಗೆ ಕಾರಣವಿತ್ತು. ನಮ್ಮಲ್ಲಿ ಮೂರು ವರ್ಷ ಅಮರಕೋಶವನ್ನು ಓದಿದ ಶಿಷ್ಯನೊಬ್ಬನು, ಎರಡು ವರ್ಷಗಳ ಹಿಂದೆ, ಗೆಳೆಯರೊಡನೆ ಪಂಥ ಕಟ್ಟಿ ನಡುರಾತ್ರಿ ಕಾರನ್ನು ಓಡಿಸಿ, ನಿಂತಿದ್ದ ಲಾರಿಗೆ ಬಡಿದು ಮೃತನಾದನು. ಆ ಮನೆಗೆ ನಾವಿಬ್ಬರೂ ಹೋಗಿದ್ದೆವು. ಆ ತಾಯಿಗೆ ಹೇಳುವ ಮಾತೊಂದೂ ನಾವು ಓದಿದ ಯಾವ ಗ್ರಂಥದಲ್ಲಿಯೂ ಸಿಕ್ಕಲಿಲ್ಲ. ಹೀಗಿರಲು, ನೀವೇ ಜೊತೆಯಲ್ಲಿ ಹೋಗಿ, ಕಣ್ಣಾರೆ ಕಂಡು, ಇದು ಸಲ್ಲುವುದೋ ಸಲ್ಲದೋ ಹೇಳಿರೆಂದು ತಮ್ಮನು ನಮ್ಮ ಮೇಲೆ ಭಾರ ಹಾಕಿದನು. ದಡದಲ್ಲಿ ನಿಂತು ನೀರಿನ ಆಳವನ್ನು ಹೇಳುವುದು ಸರಿಯಲ್ಲವೆಂದು ನಾವೂ ಹೊಸಬರ ಪಟ್ಟಿಯಲ್ಲಿ ಹೆಸರು ಬರೆಸಿದೆವು. ಮೂವತ್ತು ವರ್ಷಗಳಿಂದ ಕಾರು ನಡೆಸುತ್ತಿರುವ ನಮಗೆ ಅದಕ್ಕೆ ಬೇಕಾದ ಪರವಾನಗಿ ಇದ್ದೇ ಇತ್ತು.

ವೇಗಕ್ಕೆಂದು ಪ್ರತ್ಯೇಕ ಸ್ಥಳವಿರಬೇಕೆಂಬ ವಿವೇಕವು ಲೋಕಕ್ಕೆ ಬಂದುದು ಪ್ರಾಣಗಳ ಬೆಲೆಯನ್ನು ತೆತ್ತ ಮೇಲೆಯೇ. ಮೋಟಾರು ಹುಟ್ಟಿದ ಹೊಸತರಲ್ಲಿ ಐರೋಪ್ಯರು ಊರಿಂದೂರಿಗೆ ಸಾಮಾನ್ಯ ರಸ್ತೆಗಳಲ್ಲಿಯೇ ಪಂದ್ಯಗಳನ್ನು ನಡೆಸುತ್ತಿದ್ದರು. 1903ರ ಮೇ 24ರಂದು ಪ್ಯಾರಿಸಿನಿಂದ ಮ್ಯಾಡ್ರಿಡ್ಡಿಗೆಂದು ಹೊರಟ ಓಟದಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ ಜನ ಕಿಕ್ಕಿರಿದಿದ್ದರು. ಧೂಳಿನಲ್ಲಿ ಮುಂದಿನದು ಕಾಣದು. ಓಡಿಸುವವರೂ ನೋಡುವವರೂ ಸತ್ತರು. ಪ್ರಸಿದ್ಧವಾದ ರೆನೋ ಸೋದರರಲ್ಲಿ ಮಾರ್ಸೆಲ್ ಎಂಬವರು ಪ್ರಾಣ ತೆತ್ತರು. ಫ್ರಾನ್ಸಿನ ಸರ್ಕಾರವು ಆ ಓಟವನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಿಬಿಟ್ಟಿತು. ಇಂಗ್ಲೆಂಡಿನಲ್ಲಾದರೋ ರಸ್ತೆಯ ವೇಗಕ್ಕೆ ಗಂಟೆಗೆ 20 ಮೈಲಿಯ ಮಿತಿಯಿತ್ತು. ಲಾಕ್ ಕಿಂಗ್ ಎಂಬ ಜಮೀನುದಾರರು ಸರ್ರೆ ಪ್ರಾಂತದ ತಮ್ಮ ಜಮೀನಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ಪಥವನ್ನು ಕಟ್ಟಿಸಿ 1907ರಲ್ಲಿ ತೆರೆದರು. ಮೋಟಾರಿಗೆಂದೇ ಕಟ್ಟಿದ ದೊಡ್ಡ ಪಥಗಳಲ್ಲಿ ಅದು ಮೊದಲನೆಯದು. ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿ 1927ರಲ್ಲಿ ತೆರೆದ ನ್ಯೂರ್ಬುರ್ಗ್‌ರಿಂಗ್ ಎಂಬ ಪಥದ ಉತ್ತರದ ಸುತ್ತು 20 ಕಿಲೋಮೀಟರಿಗೂ ಮಿಗಿಲಾದುದು. ಅಲ್ಲಿ ಗೊತ್ತಾದ ದಿನಗಳಲ್ಲಿ ಯಾರಾದರೂ ಸುಂಕ ತೆತ್ತು ತಮ್ಮ ಕಾರನ್ನು ಓಡಿಸಬಹುದು. ಇಂದಿನ ಟ್ರ್ಯಾಕ್ ಡೇಗಳೂ ಈ ದಾರಿಯಲ್ಲಿಯೇ ಬಂದವು.

ಬೆಳಗಿನ ಏಳು ಗಂಟೆಗೆ ನಾವು ಪಥದ ದ್ವಾರದಲ್ಲಿದ್ದೆವು. ಮೊದಲು ಒಂದು ಕಾಗದಕ್ಕೆ ಸಹಿ: ಕೈಕಾಲು ಮುರಿದರೆ, ಕಾರು ನುಚ್ಚುನೂರಾದರೆ ಹೊಣೆ ನಮ್ಮದೇ ಎಂಬುದು ಅದರ ಸಾರ. ನಮ್ಮ ದೇಶದ ಸಾಧಾರಣ ಮೋಟಾರು ವಿಮೆಯ ಪತ್ರಗಳು ಓಟದ ಸ್ಪರ್ಧೆಯನ್ನೂ ವೇಗದ ಪರೀಕ್ಷೆಯನ್ನೂ ಹೊರಗಿಟ್ಟಿರುತ್ತವೆಂಬುದನ್ನು ಗೃಹಸ್ಥರು ಇಲ್ಲಿ ನೆನಪಿನಲ್ಲಿಡತಕ್ಕದ್ದು. ತರುವಾಯ ಕಾರಿನ ತಪಾಸಣೆ. ಕಾರಿನೊಳಗೆ ಬಿಡಿಯಾದ ವಸ್ತುವೊಂದೂ ಇರಕೂಡದು. ನಮ್ಮ ಮನೆಯವರು ಕಟ್ಟಿಕೊಟ್ಟಿದ್ದ ಬುತ್ತಿ, ನೀರಿನ ಚೆಂಬು, ಕೊಡೆ, ಮುಂಗಡೆ ಅಂಟಿಸಿದ್ದ ಸಣ್ಣ ಗಣಪತಿ, ಇವೆಲ್ಲ ಹೊರಬಂದವು. ಬ್ರೇಕು ಹಾಕಿದಾಗ ಇಂಥ ವಸ್ತುವೊಂದು ಉರುಳಿ ಕಾಲಡಿಯ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಆಗುವ ಅನರ್ಥವನ್ನು ಊಹಿಸಬಹುದು. ಟೈರಿನ ಗಾಳಿ, ಬ್ರೇಕಿನ ಎಣ್ಣೆ, ಚಕ್ರದ ತಿರುಪುಗಳು, ಎಲ್ಲವನ್ನೂ ನೋಡಿದರು. ತುಂಬುತೋಳಿನ ಹತ್ತಿಯ ಅಂಗಿ, ಮುಚ್ಚಿದ ಪಾದರಕ್ಷೆ, ತಲೆಗೆ ಶಿರಸ್ತ್ರಾಣ ಕಡ್ಡಾಯ. ಪಂಚೆಯುಟ್ಟು ಬಂದಿದ್ದ ಹಿರಿಯರೊಬ್ಬರಿಗೆ ಷರಾಯಿ ಎರವಲು ಕೊಡಿಸಬೇಕಾಯಿತು. ಆ ಹಿರಿಯರು ನಾವಲ್ಲ.

ಆಮೇಲೆ ಒಂದು ಗಂಟೆಯ ಪಾಠ. ನಲವತ್ತು ವರ್ಷ ಹಲಗೆಯ ಮುಂದೆ ನಿಂತವರು ಈಗ ಬೆಂಚಿನ ಮೇಲೆ ಕುಳಿತೆವು. ಗುರುಗಳಿಗೆ ಇಪ್ಪತ್ತೇಳು ವರ್ಷವಿರಬಹುದು. ಮೊದಲು ಬಾವುಟಗಳ ಭಾಷೆ. ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕತಕ್ಕದ್ದಲ್ಲ. ಕೆಂಪು ಕಂಡರೆ ಎಲ್ಲರೂ ನಿಧಾನವಾಗಿ ಒಳಗೆ ಬರತಕ್ಕದ್ದು. ನೀಲಿ ಎಂದರೆ ನಿನ್ನ ಹಿಂದೆ ನಿನಗಿಂತ ವೇಗದವನಿದ್ದಾನೆ. ಕಪ್ಪು ಎಂದರೆ ನಿನ್ನನ್ನೇ ಕರೆಯುತ್ತಿದ್ದಾರೆ. ಚದುರಂಗದ ಮನೆಗಳಂಥ ಬಾವುಟ ಕಂಡರೆ ಸರದಿ ಮುಗಿಯಿತು. ಹಿಂದೆ ಹಾಕುವುದು ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವನು ಕೈಸನ್ನೆಯಿಂದ ಅನುಮತಿ ಕೊಟ್ಟ ಮೇಲೆ. ನಮ್ಮ ಊರಿನ ಬೀದಿಗಳಲ್ಲಿ ಈ ಒಂದು ನಿಯಮವಿದ್ದಿದ್ದರೆ ಎಂದು ನಾವು ಅಂದುಕೊಂಡೆವು.

ಆನಂತರ ಆ ತರುಣರು ಹೇಳಿದ ತತ್ತ್ವವನ್ನು ವಾಚಕರ ಉಪಯೋಗಕ್ಕಾಗಿ ಸಂಗ್ರಹಿಸುತ್ತೇವೆ. ಕಾರು ಎಷ್ಟೇ ದೊಡ್ಡದಾಗಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಹಿಡಿತವೆಂಬುದೆಲ್ಲ ಆ ಜಾಗದ್ದು. ಅದು ಗೃಹಸ್ಥನ ತಿಂಗಳ ಸಂಬಳದಂತೆ ಗೊತ್ತಾದ ಮೊತ್ತ. ಅದನ್ನೇ ನಿಲ್ಲಿಸುವುದಕ್ಕೆ, ತಿರುಗಿಸುವುದಕ್ಕೆ, ವೇಗ ಹೆಚ್ಚಿಸುವುದಕ್ಕೆ ಹಂಚಬೇಕು. ಬ್ರೇಕಿಗೆ ಎಲ್ಲವನ್ನೂ ವ್ಯಯಮಾಡಿದರೆ ತಿರುವಿಗೆ ಉಳಿಯುವುದಿಲ್ಲ. ಕಾರು ನೇರವಾಗಿ ಜಾರುತ್ತದೆ. ಆದಕಾರಣ ತಿರುವಿಗೆ ಮುಂಚೆಯೇ, ಚಕ್ರ ನೇರವಾಗಿರುವಾಗಲೇ ಬ್ರೇಕಿನ ಕೆಲಸವನ್ನು ಬಹುಮಟ್ಟಿಗೆ ಮುಗಿಸಬೇಕು. ತಿರುವಿನ ಹೊರ ಅಂಚಿನಿಂದ ಪ್ರವೇಶಿಸಿ, ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಬಂದರೆ, ಕಾರು ಕ್ರಮಿಸುವ ಕಮಾನು ಹಿರಿದಾಗಿ, ಅದೇ ಹಿಡಿತದಲ್ಲಿ ಸುಖವಾಗಿ ದಾಟಬಹುದು. ನಿಧಾನವಾಗಿ ಒಳಹೊಕ್ಕವನು ಬೇಗ ಹೊರಬರುತ್ತಾನೆ. ಬೇಗ ನುಗ್ಗಿದವನು ತಡವಾಗಿ ಹೊರಬರುತ್ತಾನೆ, ಇಲ್ಲವೆ ಬೇರೆ ಕಡೆಯಿಂದ ಹೊರಬರುತ್ತಾನೆ.

ಪಾಠ ಮುಗಿದ ಮೇಲೆ ಅದೇ ತರುಣರು ನಮ್ಮ ಪಕ್ಕದ ಪೀಠದಲ್ಲಿ ಕುಳಿತರು. ವಯಸ್ಸಿನಲ್ಲಿ ಮಗನಂತಿರುವವನಿಗೆ ಶಿಷ್ಯರಾಗುವುದು ನಮಗೆ ಸಂಕೋಚವಾಗಲಿಲ್ಲ. ಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ಮಹಾರಾಜನು ಬಾಹುಕನೆಂಬ ತನ್ನ ಸಾರಥಿಯಿಂದಲೇ ಅಶ್ವಹೃದಯವನ್ನು ಪಡೆದನಷ್ಟೆ. ರಾಜನ ಉತ್ತರೀಯ ಗಾಳಿಗೆ ಬಿದ್ದು, ರಥವನ್ನು ನಿಲ್ಲಿಸೆಂದು ಹೇಳುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿತ್ತೆಂಬ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಅದರ ಅರ್ಥವು ದೇಹಕ್ಕೆ ತಿಳಿದುದು ಮಾತ್ರ ಆ ದಿನವೇ.

ಮೊದಲನೆಯ ಸರದಿಯಲ್ಲಿ ಮುಂದೆ ಒಂದು ಕಾರು ದಾರಿ ತೋರಿಸುತ್ತ ಹೋಗುವುದು. ನಾವು ಅದರ ಜಾಡಿನಲ್ಲಿ. ನೋಡುವುದಕ್ಕೆ ಅಗಲವಾದ ಕರಿಯ ರಸ್ತೆ, ಅಂಚಿಗೆ ಕೆಂಪು ಬಿಳಿ ಪಟ್ಟೆ, ಅದರಾಚೆ ಹುಲ್ಲು, ಮಣ್ಣು. ಎದುರಿನಿಂದ ಯಾರೂ ಬರುವುದಿಲ್ಲ. ಅಡ್ಡ ಬರುವ ಹಸುವಿಲ್ಲ, ಮಗುವಿಲ್ಲ, ದೀಪವಿಲ್ಲದ ಬೈಸಿಕಲ್ಲಿಲ್ಲ. ಇಷ್ಟು ನಿರ್ಬಾಧವಾದ ದಾರಿಯಲ್ಲಿ ಏನು ಕಷ್ಟವೆಂದು ಮನಸ್ಸಿಗೆ ತೋರುವುದು ಎರಡು ಸುತ್ತು ಮಾತ್ರ. ಎರಡನೆಯ ಸರದಿಯಲ್ಲಿ ವೇಗ ಹೆಚ್ಚಿತು. ಸರಾಸರಿ ಗಂಟೆಗೆ 80 ಕಿಲೋಮೀಟರಿನಂತೆ ಹೋದರೆ ಒಂದು ಸುತ್ತಿಗೆ 2 ನಿಮಿಷ 47 ಸೆಕೆಂಡು. ಅಷ್ಟು ಅವಧಿಯಲ್ಲಿ ಹನ್ನೆರಡು ತಿರುವು. ಒಂದನ್ನು ಮುಗಿಸಿ ಉಸಿರು ಬಿಡುವುದರೊಳಗೆ ಮತ್ತೊಂದು. ಪಕ್ಕದಿಂದ ಗುರುವಾಕ್ಯ ಒಂದೇ ಸಮನೆ: ದೂರ ನೋಡಿ, ಇನ್ನೂ ದೂರ ನೋಡಿ. ಕಣ್ಣು ಎಲ್ಲಿ ನಿಲ್ಲುವುದೋ ಕೈ ಅಲ್ಲಿಗೇ ಕಾರನ್ನು ಒಯ್ಯುವುದಂತೆ. ಮೂತಿಯ ಮುಂದಿನ ನೆಲವನ್ನು ನೋಡುವವನಿಗೆ ಎಲ್ಲವೂ ಹಠಾತ್ತಾಗಿ ಬರುತ್ತದೆ, ತಿರುವಿನಾಚೆಯನ್ನು ನೋಡುವವನಿಗೆ ಯಾವುದೂ ಹಠಾತ್ತಲ್ಲ. ಹಾಗೆ ನೋಡುವ ಅಭ್ಯಾಸವಾದಂತೆಲ್ಲ ಅದೇ ವೇಗವು ನಿಧಾನವೆಂದು ತೋರತೊಡಗಿದುದು ನಮಗೆ ಆಶ್ಚರ್ಯವನ್ನುಂಟುಮಾಡಿತು. ಬುದ್ಧಿಯನ್ನು ಸಾರಥಿಯೆಂದೂ ಮನಸ್ಸನ್ನು ಲಗಾಮೆಂದೂ ಹೇಳಿದ ಕಠೋಪನಿಷತ್ತಿನ ಋಷಿಯು ರಥವನ್ನು ಸ್ವತಃ ನಡೆಸಿದ್ದಿರಬೇಕು.

ಮೂರನೆಯ ಸರದಿಗೆ ಮುಂಚೆ ಬ್ರೇಕಿನ ಅಭ್ಯಾಸವೊಂದನ್ನು ಮಾಡಿಸಿದರು. ಎಲ್ಲ ವಾಚಕರಿಗೂ ಇದನ್ನು ಮಾಡಿ ತೋರಿಸಬೇಕೆಂದು ನಮ್ಮ ಆಸೆ. ನೇರ ದಾರಿಯಲ್ಲಿ 50 ಕಿಲೋಮೀಟರು ವೇಗದಿಂದ ಪೂರ್ಣ ಬಲದಿಂದ ಬ್ರೇಕನ್ನು ತುಳಿದು ನಿಂತ ಸ್ಥಳದಲ್ಲಿ ಒಂದು ಗುರುತು; ಅದೇ ಸ್ಥಳದಿಂದ ಆರಂಭಿಸಿ 100ರ ವೇಗದಿಂದ ತುಳಿದು ನಿಂತಲ್ಲಿ ಮತ್ತೊಂದು ಗುರುತು. ವೇಗ ಇಮ್ಮಡಿಯಾದರೆ ದೂರವೂ ಇಮ್ಮಡಿಯೆಂದು ಸಾಮಾನ್ಯರ ಎಣಿಕೆ. ಗಣಿತವು ಹಾಗೆ ಹೇಳುವುದಿಲ್ಲ. ವೇಗದ ವರ್ಗಕ್ಕೆ ತಕ್ಕಂತೆ ದೂರ ಬೆಳೆಯುತ್ತದೆ. ಒಣ ನೆಲದಲ್ಲಿ ಒಳ್ಳೆಯ ಟೈರುಗಳಿರುವಾಗ ಮೊದಲನೆಯದು ಸುಮಾರು 12 ಮೀಟರು, ಎರಡನೆಯದು 48 ಮೀಟರು. ಇದಕ್ಕೆ ಮನಸ್ಸು ಎಚ್ಚರಗೊಂಡು ಕಾಲು ಬ್ರೇಕಿಗೆ ಹೋಗುವ ಕಾಲವನ್ನೂ ಸೇರಿಸಬೇಕು. 100ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಹೋಗಿರುತ್ತದೆ. ಒಟ್ಟು 76 ಮೀಟರು. ನಾವು ಕಾರಿನಿಂದಿಳಿದು ಆ ಎರಡು ಗುರುತುಗಳ ನಡುವಣ ದೂರವನ್ನು ಹೆಜ್ಜೆಯಿಂದ ಅಳೆದೆವು. ತಮ್ಮನ ಮಗನೂ ನಮ್ಮೊಡನೆ ನಡೆದನು. ಅರ್ಧ ದಾರಿಯಲ್ಲಿ ಅವನು ಹಿಂದಿರುಗಿ ಮೊದಲನೆಯ ಗುರುತನ್ನು ನೋಡಿ ಸುಮ್ಮನೆ ನಿಂತನು. ಸತ್ತುಹೋದ ನಮ್ಮ ಶಿಷ್ಯನು ಅವನಿಗೂ ಪರಿಚಿತನೇ. ನಾವು ಏನನ್ನೂ ಹೇಳಲಿಲ್ಲ. ಹೇಳಬೇಕಾದುದನ್ನು ಆ ನೆಲವೇ ಹೇಳುತ್ತಿತ್ತು.

ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಪ್ರಸಂಗ ನಡೆಯಿತು. ನಮಗಿಂತ ಮುಂದಿದ್ದ ಉತ್ಸಾಹಿ ತರುಣನೊಬ್ಬನು ತಿರುವಿನ ನಡುವೆ ವೇಗ ಹೆಚ್ಚಾಯಿತೆಂದು ಬೆದರಿ ಕಾಲನ್ನು ತಟ್ಟನೆ ಎತ್ತಿದನು. ಕಾರಿನ ಭಾರವೆಲ್ಲ ಮುಂದಕ್ಕೆ ಸರಿದು, ಹಿಂದಿನ ಚಕ್ರಗಳು ಹಗುರಾಗಿ, ಕಾರು ಬುಗುರಿಯಂತೆ ಒಂದು ಸುತ್ತು ಸುತ್ತಿ ಮಣ್ಣಿಗೆ ಇಳಿದು ನಿಂತಿತು. ಕೂಡಲೆ ಹಳದಿ ಬಾವುಟ, ಹಿಂದಿನವರೆಲ್ಲ ನಿಧಾನಿಸಿದರು, ಸಹಾಯದ ಗಾಡಿ ಬಂದಿತು. ತರುಣನು ಧೂಳು ಕೊಡವಿಕೊಂಡು ಹೊರಬಂದನು. ಕಾರಿಗೆ ಗೀರು ಸಹ ಇಲ್ಲ. ಅವನ ಗುರುಗಳು ಅವನನ್ನು ಕೂರಿಸಿಕೊಂಡು ಆದುದರ ಕಾರಣವನ್ನು ಕಾಗದದ ಮೇಲೆ ಬರೆದು ತೋರಿಸಿದರು. ಒಂದು ಗಂಟೆಯ ಮೇಲೆ ಅವನು ಅದೇ ತಿರುವನ್ನು ಸರಿಯಾಗಿ ದಾಟಿದನು. ಇದೇ ಸ್ಖಾಲಿತ್ಯವು ಹೊಸಕೋಟೆಯ ದಾರಿಯಲ್ಲಾಗಿದ್ದರೆ ಅಲ್ಲಿ ಮರವಿರುತ್ತಿತ್ತು, ಎದುರು ಬಸ್ಸಿರುತ್ತಿತ್ತು. ತಿದ್ದಿಕೊಳ್ಳುವುದಕ್ಕೆ ಅವಕಾಶ ಕೊಡುವ ಸ್ಥಳಕ್ಕೆ ಶಾಲೆಯೆಂದು ಹೆಸರು. ಆ ಅರ್ಥದಲ್ಲಿ ಈ ಪಥವನ್ನು ಶಾಲೆಯೆನ್ನಲು ನಮಗೆ ಅಡ್ಡಿಯಿಲ್ಲ.

ಸರದಿಯ ಕೊನೆಯ ಸುತ್ತನ್ನು ಮಾತ್ರ ಬ್ರೇಕನ್ನು ಆದಷ್ಟು ಮುಟ್ಟದೆ ಮೆಲ್ಲಗೆ ಸುತ್ತಬೇಕು. ಕಾದು ಕೆಂಡವಾದ ಬ್ರೇಕಿಗೆ ಗಾಳಿ ತಗುಲಿ ತಣಿಯಲೆಂದು ಈ ನಿಯಮ. ಇದಾದ ಮೇಲೂ, ನಿಲ್ಲಿಸಿದಾಗ ಕೈಬ್ರೇಕನ್ನು ಎಳೆಯದೆ ಗೇರಿನಲ್ಲಿಯೇ ಬಿಡುವುದು ವಾಡಿಕೆ. ಆ ತಣಿಯುವ ಸುತ್ತಿನಲ್ಲಿ, ತಿರುವು ತಿರುವಿನಲ್ಲಿಯೂ ಬಾವುಟ ಹಿಡಿದು ಬೆಳಗಿನಿಂದ ಬಿಸಿಲಿನಲ್ಲಿ ನಿಂತ ಕೆಲಸಗಾರರಿಗೆ ಕೈಯೆತ್ತಿ ವಂದಿಸುವ ಪದ್ಧತಿಯಿದೆ. ಇದು ನಮಗೆ ಬಹಳ ಹಿಡಿಸಿತು. ರಸ್ತೆಯಲ್ಲಿ ನಮ್ಮ ಪ್ರಾಣವನ್ನು ಕಾಯುವವರನ್ನು ನಾವು ಹೀಗೆ ಎಂದಾದರೂ ನೋಡಿದ್ದುಂಟೆ?

ಇನ್ನು ತಮ್ಮನ ಪ್ರಶ್ನೆ. ಒಂದು ದಿನದ ಪಾಠದಿಂದ ಹುಡುಗನ ಸ್ವಭಾವ ಬದಲಾಯಿತೆಂದು ನಾವು ಹೇಳಲಾರೆವು. ಹಿಂದಿರುಗುವಾಗ ರಾಣಿಪೇಟೆಯನ್ನು ದಾಟಿದ ಮೇಲೆ ಅವನ ಕಾಲು ಒಮ್ಮೆ ತನ್ನ ಹಳೆಯ ಚಾಳಿಯನ್ನು ತೋರಿತು. ಆ ದೂರವನ್ನು ಅಳೆದದ್ದು ಮರೆತೆಯಾ ಎಂದು ನಾವು ಕೇಳಿದ ಮೇಲೆ ತಗ್ಗಿತು. ಇಷ್ಟೇ ಅಲ್ಲ, ವಿದ್ಯೆಯು ಅಹಂಕಾರವನ್ನು ತರಬಲ್ಲುದು. ಪಥದಲ್ಲಿ ಕಲಿತವನು ನನಗೆಲ್ಲ ತಿಳಿಯಿತೆಂದು ರಸ್ತೆಯಲ್ಲಿ ವೇಗ ಹೆಚ್ಚಿಸಿದರೆ, ಕಲಿಯದವನಿಗಿಂತಲೂ ಅವನೇ ಅಪಾಯಕಾರಿ. ಪಥದಲ್ಲಿರುವವರೆಲ್ಲರೂ ಒಂದೇ ದಿಕ್ಕಿಗೆ ಹೋಗುವವರು, ನಿಯಮವನ್ನರಿತವರು, ಅಪಾಯವನ್ನು ತಾವಾಗಿ ಒಪ್ಪಿ ಸಹಿಮಾಡಿದವರು. ರಸ್ತೆಯಲ್ಲಿ ಹೋಗುತ್ತಿರುವ ಅಜ್ಜಿಯು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಈ ಭೇದವನ್ನು ಅರಿಯದವನು ಪಥಕ್ಕೆ ಹೋಗಲು ಅರ್ಹನಲ್ಲ.

ಆದರೂ ನಮ್ಮ ಅಭಿಪ್ರಾಯವು ಅನುಮತಿಯ ಕಡೆಗೇ ವಾಲಿತು. ಭಾರತದಲ್ಲಿ 2022ನೆಯ ಇಸವಿಯೊಂದರಲ್ಲಿಯೇ ರಸ್ತೆಯ ಅಪಘಾತಗಳಿಂದ 1,68,491 ಮಂದಿ ಮಡಿದರು. ದಿನಕ್ಕೆ 460ಕ್ಕೂ ಹೆಚ್ಚು. ಇವುಗಳಲ್ಲಿ ಹತ್ತಕ್ಕೆ ಏಳರಷ್ಟು ಮರಣಗಳನ್ನು ಸರ್ಕಾರದ ವರದಿಯು ಅತಿವೇಗದ ಲೆಕ್ಕಕ್ಕೆ ಹಾಕಿದೆ. ಸಾರ್ವಜನಿಕ ರಸ್ತೆಯಲ್ಲಿ ಪಂಥ ಕಟ್ಟಿ ಓಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯು ದಂಡನಾರ್ಹವೆಂದು ವಿಧಿಸಿದೆ. ಕಾಯಿದೆಯಿಂದಲೂ ಬೈಗುಳದಿಂದಲೂ ಅಡಗದ ಹಂಬಲವೊಂದು ಯೌವನದಲ್ಲಿ ಇದ್ದೇ ಇದೆ. ಅದಕ್ಕೆ ಗುರುವೂ, ಗಡಿಯೂ, ಬಾವುಟವೂ ಇರುವ ಸ್ಥಳವನ್ನು ತೋರಿಸುವುದು ಹಿರಿಯರ ಕೆಲಸ.

ತಮ್ಮನಿಗೆ ನಾವು ಹೇಳಿದ ನಿಬಂಧನೆಗಳು ಇವು. ಇತರ ಮನೆಗಳಿಗೂ ಉಪಯುಕ್ತವಾಗಬಹುದು. ಪಕ್ಕದಲ್ಲಿ ಶಿಕ್ಷಕನಿಲ್ಲದೆ ಹೊಸಬನು ಪಥಕ್ಕಿಳಿಯಕೂಡದು. ಪ್ರವೇಶದ ಶುಲ್ಕ, ಸವೆದ ಟೈರು, ಬ್ರೇಕುಗಳ ವೆಚ್ಚ ಎಲ್ಲವೂ ಅವನ ಸಂಪಾದನೆಯಿಂದಲೇ ಹೋಗತಕ್ಕದ್ದು. ವಿಮೆಯ ಪತ್ರವನ್ನು ಮೊದಲು ಓದಿಸತಕ್ಕದ್ದು. ಬರುವಾಗ ಕಾರನ್ನು ಬೇರೊಬ್ಬರು ನಡೆಸಿದರೆ ಒಳ್ಳೆಯದು. ದಣಿದ ದೇಹದಲ್ಲಿ ವೇಗದ ಅಮಲು ಇನ್ನೂ ಇಳಿದಿರುವುದಿಲ್ಲ. ರಸ್ತೆಯಲ್ಲಿ ಒಮ್ಮೆ ಅತಿವೇಗದಲ್ಲಿ ಕಂಡನೆಂದರೆ ಆ ವರ್ಷ ಪಥದ ಮಾತೇ ಇಲ್ಲ. ಕಡೆಯದಾಗಿ, ಮೊದಲ ಸಲ ಮನೆಯ ಹಿರಿಯರೊಬ್ಬರು ಜೊತೆಯಲ್ಲಿ ಹೋಗಿ, ಶಿರಸ್ತ್ರಾಣ ಧರಿಸಿ, ತಾವೂ ಒಂದು ಸರದಿ ಓಡಿಸಿ ಬರಬೇಕು. ಆ ಮೇಲೆ ಅವರು ಹೇಳುವ ಬುದ್ಧಿಮಾತನ್ನು ಹುಡುಗರು ಕೇಳುವ ರೀತಿಯೇ ಬೇರೆಯಾಗಿರುತ್ತದೆ.